ನದಿಯ ಹರಿವು: ಅಳತೆ ಕೇಂದ್ರದ ಅಂಕಿಯೋ, ಅಳಿವೆಯ ಅಂದಾಜೋ?

ವಿಕಿಪೀಡಿಯದಲ್ಲಿ ಅಮೆಜಾನ್ ನದಿಯ ಪುಟ ತಿದ್ದುವಾಗ ಸರಾಸರಿ ಹರಿವಿಗೆ ಎರಡು ಸಂಖ್ಯೆ ಎದುರಾಗುತ್ತವೆ. ಬ್ರೆಜಿಲ್‌ನ ಓಬಿಡೋಸ್ ಅಳತೆ ಕೇಂದ್ರದಲ್ಲಿ ಸೆಕೆಂಡಿಗೆ ಸುಮಾರು 1,70,000 ಘನ ಮೀಟರ್. ಅಳಿವೆಯಲ್ಲಿ ಸುಮಾರು 2,09,000. ಒಬ್ಬರು ಹಾಕಿದ್ದನ್ನು ಇನ್ನೊಬ್ಬರು ಅಳಿಸುತ್ತಾರೆ. ಆದರೆ ಇಬ್ಬರೂ ತಪ್ಪಲ್ಲ. ಓಬಿಡೋಸ್ ಸಮುದ್ರದಿಂದ ಸುಮಾರು 800 ಕಿ.ಮೀ. ಒಳಗಿದೆ. ತಪಜೋಸ್, ಶಿಂಗು ನದಿಗಳು ಅದರ ಕೆಳಗೆ ಬಂದು ಸೇರುತ್ತವೆ.

ಕೇಂದ್ರದ ಅಂಕಿಗೆ ವರ್ಷಗಳ ದಾಖಲೆ ಇರುತ್ತದೆ, ಯಾರು ಬೇಕಾದರೂ ಪರಿಶೀಲಿಸಬಹುದು. ಹಾಗಂತ ಅದೂ ನೇರ ಅಳತೆಯಲ್ಲ. ದಿನಾ ನೋಡುವುದು ನೀರಿನ ಮಟ್ಟವನ್ನು ಮಾತ್ರ. ಆಗಾಗ ದೋಣಿಯಲ್ಲಿ ಹೋಗಿ ಆಳ, ವೇಗ ಅಳೆದು, ಯಾವ ಮಟ್ಟಕ್ಕೆ ಎಷ್ಟು ಹರಿವು ಅಂತ ಒಂದು ರೇಖೆ ಎಳೆದಿರುತ್ತಾರೆ. ಮಟ್ಟದಿಂದ ಹರಿವು ಸಿಗುವುದು ಆ ರೇಖೆಯಿಂದ. ಪ್ರವಾಹ ಬಂದು ತಳದ ಮರಳು ಸರಿದರೆ ರೇಖೆಯನ್ನೂ ತಿದ್ದಬೇಕು.

ಅಳಿವೆಯಲ್ಲಿ ಉಬ್ಬರವಿಳಿತದ ಕಾಟ. ಅಲ್ಲಿನ ಅಂಕಿ ಹೆಚ್ಚಾಗಿ ಲೆಕ್ಕಾಚಾರ. ಆದರೆ ಯಾವ ನದಿ ದೊಡ್ಡದು ಅಂತ ಹೋಲಿಸಲು ಅದೇ ಬೇಕು, ಅಲ್ವಾ?

ನನ್ನ ಆಯ್ಕೆ ಕೇಂದ್ರದ ಅಂಕಿ, ಜಾಗ ಮತ್ತು ವರ್ಷಗಳ ಸಮೇತ. ಅಳಿವೆಯದ್ದನ್ನು ಪಕ್ಕದಲ್ಲೇ ‘ಅಂದಾಜು’ ಅಂತ ಬರೆಯಿರಿ. ವರ್ಷ ಬಿಡಲೇಬೇಡಿ. ನೈಲ್ ನದಿಗೆ ಅಸ್ವಾನ್‌ನಲ್ಲಿ ವರ್ಷಕ್ಕೆ 8,400 ಕೋಟಿ ಘನ ಮೀಟರ್ ಅಂತ ಕೊಡುವ ಅಂಕಿ ಅಲ್ಲಿನ ದೊಡ್ಡ ಅಣೆಕಟ್ಟಿಗೂ ಮೊದಲಿನದು. ಇಂದು ಸಮುದ್ರ ಸೇರುವ ನೀರು ಅದರ ಒಂದು ಸಣ್ಣ ಪಾಲು ಅಷ್ಟೇ.