ಹಳೆ ಫ್ಯಾನ್ ರಿಪೇರಿಯೋ, ಹೊಸ ಬಿಎಲ್‌ಡಿಸಿಯೋ? ನನ್ನ ಓಟು ಹಳೇದಕ್ಕೆ

ಬೇಸಿಗೆ ಶುರುವಾಯ್ತು ಅಂದ್ರೆ ಪರಿಚಯದವರಲ್ಲಿ ಯಾರಾದರೂ ಕೇಳೇ ಕೇಳ್ತಾರೆ: ಫ್ಯಾನ್ ಸ್ಲೋ ಆಗಿದೆ, ರಿಪೇರಿ ಮಾಡಿಸೋದಾ, ಗುಜರಿಗೆ ಹಾಕಿ ಬಿಎಲ್‌ಡಿಸಿ (ಕಮ್ಮಿ ಕರೆಂಟ್ ಎಳೆಯೋ, ರಿಮೋಟಿನ ಹೊಸ ಬಗೆಯ ಫ್ಯಾನ್) ತರೋದಾ? ದಾವಣಗೆರೆ ವಿನೋಬನಗರದ ನಮ್ಮ ಮನೇಲಿ ಎರಡೂ ಆಗಿದೆ. ಹಾಲ್‌ನ ಎರಡು ಕೊಕ್ಕೆಗೆ ಹೊಸ ಬಿಎಲ್‌ಡಿಸಿ ಹಾಕಿಸಿದೆ. ಅಮ್ಮನ ಕೋಣೆಯ ಹಳೇದನ್ನು ರಿಪೇರಿ ಮಾಡಿಸಿದೆ. ಹಾಲ್‌ನಿಂದ ಇಳಿಸಿ ಅಟ್ಟಕ್ಕೆ ಹಾಕಿದ್ದ ಹಳೇ ಜೋಡಿಯಲ್ಲಿ ಒಂದನ್ನು ಆಮೇಲೆ ರೀವೈಂಡಿಂಗ್ (ಕಾಯಿಲ್‌ಗೆ ಹೊಸ ತಂತಿ ಸುತ್ತಿಸೋದು) ಮಾಡಿಸಿ ವಾಪಸ್ ಏರಿಸಿದ್ದೂ ಆಯ್ತು. ಮೂರನ್ನೂ ಒಂದೇ ಸೂರಿನ ಕೆಳಗೆ ತಿರುಗಿಸಿ ನೋಡಿದವನ ಮಾತು ಇದು, ಹಳೇದರ ಕಡೆಗೆ ವಾಲಿದೆ ಅಂತ ಮೊದಲೇ ಒಪ್ಪಿಕೊಂಡುಬಿಡ್ತೀನಿ.

ಸ್ಲೋ ಆದ ಫ್ಯಾನಿನಲ್ಲಿ ಬಹಳ ಸಲ ಕೆಟ್ಟಿರೋದು ಮೋಟಾರಲ್ಲ, ಕೆಪಾಸಿಟರ್. ಬಟ್ಟಲಿನಂಥ ಮುಚ್ಚಳ ಸರಿಸಿದರೆ ಒಳಗೆ ಬೆಂಕಿಪೊಟ್ಟಣದ ಅರ್ಧದಷ್ಟು ಒಂದು ಡಬ್ಬಿ ಇರುತ್ತೆ. ಮೈಮೇಲೆ 2.5 ಅಂತಲೋ 3.15 ಅಂತಲೋ ಮೈಕ್ರೋಫ್ಯಾರಡ್ ಲೆಕ್ಕ ಬರೆದಿರುತ್ತೆ. ವರ್ಷ ಕಳೆದಂತೆ ಅದರ ಶಕ್ತಿ ಕುಂದುತ್ತೆ, ಫ್ಯಾನ್ ಹ್ಞೂಂ ಅಂತ ಗುನುಗುತ್ತಾ ನಿಂತಲ್ಲೇ ನಿಲ್ಲುತ್ತೆ, ಪೊರಕೆ ಹಿಡಿಯಿಂದ ತಳ್ಳಿದರೆ ಮಾತ್ರ ಹೊರಡುತ್ತೆ. ಅಮ್ಮನ ಕೋಣೆಯದ್ದಕ್ಕೆ ಆಗಿದ್ದು ಇದೇ. ಅರವತ್ತು ರೂಪಾಯಿ ಡಬ್ಬಿ. ಹಳೇದರ ಮೇಲಿನ ಅಂಕಿ ನೋಡಿ ಅದನ್ನೇ ತನ್ನಿ. ‘ದೊಡ್ಡದ್ ಹಾಕ್ತೀನಿ, ಜೋರಾಗಿ ತಿರಗತೈತಿ’ ಅನ್ನೋ ಮಿಸ್ತ್ರಿಗೆ ಬೇಡ ಅನ್ನಿ. ಜೋರಿನ ಜೊತೆಗೆ ಕಾಯಿಲ್ ಬಿಸಿಯಾಗೋದೂ ಬರುತ್ತೆ. ನೀವೇ ಬಿಚ್ಚುವವರಾದರೆ ಗೋಡೆಯ ಸ್ವಿಚ್ ಸಾಲದು, ಮೇನ್ ಬೋರ್ಡಿನ ಎಂಸಿಬಿ ಸ್ವಿಚ್ಚೇ ಇಳಿಸಿ.

ಕರಕರ ಸದ್ದು ಬಂದರೆ ಬೇರಿಂಗ್. ಮೇಲೊಂದು, ಕೆಳಗೊಂದು. ನಮ್ಮದರಲ್ಲಿ 6202 ಮತ್ತು 6201 ನಂಬರಿನವಿದ್ದವು, ಸಾಮಾನ್ಯವಾಗಿ ಇದೇ ಇರುತ್ತೆ. ತೆಗೆದ ಬೇರಿಂಗನ್ನು ಬೆರಳಿಗೆ ಸಿಕ್ಕಿಸಿ ತಿರುಗಿಸಿದರೆ ಮರಳು ಅರೆದ ಹಾಗೆ ಕೈಗೇ ಗೊತ್ತಾಗುತ್ತೆ. ಹೊಸದು ಸದ್ದಿಲ್ಲದೆ ಸುತ್ತುತ್ತಲೇ ಇರುತ್ತೆ. ಎರಡೂ ಬೇರಿಂಗ್, ಕೂಲಿ ಸೇರಿ ಮುನ್ನೂರೈವತ್ತು ಆಯ್ತು.

ಇನ್ನು ಬಿಎಲ್‌ಡಿಸಿ. ಒಳ್ಳೇದನ್ನು ಒಳ್ಳೇದು ಅನ್ನಬೇಕು. ಹಳೇ ಫ್ಯಾನ್ ಫುಲ್ ಸ್ಪೀಡಲ್ಲಿ ಎಪ್ಪತ್ತೈದು ವ್ಯಾಟ್ ಆಸುಪಾಸು ಎಳೆದರೆ ಇದು ಮೂವತ್ತಕ್ಕೆ ಮುಗಿಸುತ್ತೆ. ಸಂಜೆ ಎಲ್ಲರೂ ಮೋಟಾರ್ ಹಾಕಿ ವೋಲ್ಟೇಜ್ ಬಿದ್ದಾಗ ಹಳೇದು ಸೊರಗುತ್ತೆ, ಇದು ಅದೇ ವೇಗದಲ್ಲಿ ತಿರುಗುತ್ತೆ. ಯುಪಿಎಸ್ ಮೇಲೆ ಹಾಕಿದರೆ ಬ್ಯಾಟರಿಯ ಒಂದು ಚಾರ್ಜಿಗೆ ಎರಡು ಪಟ್ಟು ಹೊತ್ತು ತಿರುಗುತ್ತೆ. ಸದ್ದಿಲ್ಲ. ನೋಡೋಕೂ ಚೆನ್ನ.

ಆದರೆ ರಿಮೋಟು! ನಮ್ಮಂಥ ರಿಮೋಟಿನ ಬಿಎಲ್‌ಡಿಸಿ ಹಾಕುವಾಗ ಗೋಡೆಯ ರೆಗ್ಯುಲೇಟರ್ ಬೈಪಾಸ್ ಮಾಡಲೇಬೇಕು, ಎರಡೂ ಒಟ್ಟಿಗೆ ಆಗಿಬರಲ್ಲ. ಅಂದ್ರೆ ಮೂವತ್ತು ವರ್ಷದಿಂದ ಬಾಗಿಲ ಪಕ್ಕ, ಕತ್ತಲಲ್ಲೂ ಕೈಗೆ ಸಿಗುತ್ತಿದ್ದ ಗುಂಡಿ ಹೋಯ್ತು. ಅದರ ಬದಲಿಗೆ ಬಂದಿದ್ದು ಅಂಗೈಯಗಲದ ಪ್ಲಾಸ್ಟಿಕ್ ತುಂಡು. ಅದು ಸೋಫಾ ಸಂದಿಯಲ್ಲಿರುತ್ತೆ, ದಿಂಬಿನ ಕೆಳಗಿರುತ್ತೆ, ಪೇಪರ್ ಜೊತೆ ಮಡಚಿ ರದ್ದಿ ಗೂಡಿಗೆ ಹೋಗಿರುತ್ತೆ. ನೆಂಟರು ಬಂದು ‘ಸ್ವಲ್ಪ ಕಮ್ಮಿ ಮಾಡ್ರಿ’ ಅಂದ್ರೆ ಮನೆಮಂದಿಯೆಲ್ಲ ಎದ್ದು ಹುಡುಕಬೇಕು. ಸಿಗದೇ ಇದ್ದರೆ ಸ್ವಿಚ್ ಆರಿಸಿ ಬೆವರೋದು, ಇಲ್ಲಾ ಹಾಕ್ಕೊಂಡು ಚಳಿಗೆ ಮುದುಡೋದು.

ನಮಗೆ ಇನ್ನೊಂದು ಸೊಗಸಿತ್ತು. ಜೋಡಿಗೆ ರಿಯಾಯಿತಿ ಅಂತ ಒಂದೇ ಕಂಪನಿಯ ಎರಡು ಫ್ಯಾನ್ ತಂದಿದ್ದೆವಲ್ಲ, ಎರಡಕ್ಕೂ ರಿಮೋಟಿನ ಸಂಕೇತ ಒಂದೇ. ಟಿವಿ ಮುಂದೆ ಕೂತ ಮಗ ತನ್ನ ಫ್ಯಾನ್ ಜೋರು ಮಾಡಿದರೆ ಊಟದ ಮೇಜಿನ ಮೇಲಿಂದೂ ಜೋರಾಗುತ್ತೆ. ನಾವು ಇಲ್ಲಿ ಮಂಡಕ್ಕಿ ಕಲಸಿ ಕೂತಿರ್ತೀವಿ, ತಟ್ಟೆಯಿಂದ ಮಂಡಕ್ಕಿ ಹಾರಿ ನೆಲದ ತುಂಬ. ನಾವು ಕಮ್ಮಿ ಮಾಡಿದರೆ ಅವನು ಅಲ್ಲಿಂದ ಕೂಗ್ತಾನೆ. ರಿಮೋಟಿನ ಮೂತಿಗೆ ಅಂಗೈ ಅಡ್ಡ ಹಿಡಿದು ಒಂದೇ ಫ್ಯಾನಿಗೆ ಗುರಿಯಿಡೋ ವಿದ್ಯೆಯನ್ನು ನನ್ನ ಹೆಂಡತಿ ಕಲಿತಳು. ನನಗೆ ಅದು ಒಲಿಯಲಿಲ್ಲ. ಕೊನೆಗೆ ಒಂದರ ಸ್ವಿಚ್ ಆರಿಸಿ ಇನ್ನೊಂದನ್ನು ಸರಿಮಾಡಿ, ಮತ್ತೆ ಮೊದಲನೇದನ್ನು ಹಾಕೋದು ರೂಢಿಯಾಯ್ತು. ರೆಗ್ಯುಲೇಟರ್ ಗುಂಡಿ ತಿರುಗಿಸಿದ್ದರೆ ಮುಗಿಯೋ ಕೆಲಸಕ್ಕೆ ಇಷ್ಟು ಕವಾಯತು. ಬೇರೆ ಬೇರೆ ಫ್ಯಾನನ್ನು ಬೇರೆ ಬೇರೆ ರಿಮೋಟಿಗೆ ಜೋಡಿಸಬಹುದಾದ ಮಾದರಿಗಳೂ ಇವೆಯಂತೆ. ಒಂದೇ ಕೋಣೆಗೆ ಎರಡು ಕೊಳ್ಳೋರು ಅಂಗಡಿಯಲ್ಲೇ ಎರಡನ್ನೂ ತಿರುಗಿಸಿ ಇದನ್ನು ಪರೀಕ್ಷೆ ಮಾಡಿ.

ಅಮ್ಮ ಮೊದಲ ದಿನವೇ ‘ನನ್ನ ಕೋಣಿಗೆ ಅದು ಬ್ಯಾಡ’ ಅಂದಿದ್ದಳು. ಹಾಗಾಗಿಯೇ ಅವಳ ಹಳೇ ಫ್ಯಾನ್ ಉಳಿದದ್ದು.

ರಿಮೋಟಿನ ಕಾಟವನ್ನು ಸಹಿಸಬಹುದಿತ್ತು. ಸಹಿಸಲಾಗದ್ದು ಬೋರ್ಡು. ಬಿಎಲ್‌ಡಿಸಿ ಒಳಗೆ ಬಂದ ಎಸಿ ಕರೆಂಟನ್ನು ಡಿಸಿ ಮಾಡಿ, ಕಾಯಿಲ್‌ಗಳಿಗೆ ಸರದಿಯಂತೆ ಹಂಚೋದು ಒಂದು ಪುಟ್ಟ ಎಲೆಕ್ಟ್ರಾನಿಕ್ ಬೋರ್ಡು. ಮೇ ತಿಂಗಳ ಅಡ್ಡಮಳೆಯ ಒಂದು ಸಂಜೆ ಗುಡುಗಿ, ಕರೆಂಟ್ ಹೋಗಿ ಬಂತು. ಊಟದ ಮೇಜಿನ ಮೇಲಿನ ಫ್ಯಾನ್ ಮಾತ್ರ ಬರಲಿಲ್ಲ. ಎರಡು ವರ್ಷದ ವಾರಂಟಿ ಆಗಷ್ಟೇ ಮುಗಿದಿತ್ತು. ಕಂಪನಿಯ ಕಡೆಯ ಹುಡುಗ ಬಂದು ನೋಡಿ, ಈ ಮಾದರಿಯ ಬೋರ್ಡು ಬರ್ತಾ ಇಲ್ಲ, ಎಕ್ಸ್‌ಚೇಂಜಿನಲ್ಲಿ ಹೊಸ ಫ್ಯಾನ್ ತಗೊಳ್ಳಿ ಅಂದ. ಟಿವಿ ರಿಪೇರಿ ಮಾಡೋ ಗೆಳೆಯನ ಬಳಿ ಒಯ್ದೆ. ಅವನು ಬಿಚ್ಚಿ ತೋರಿಸಿದ: ಬೋರ್ಡಿನ ಮೇಲೆ ಕಪ್ಪಗೆ ಗಟ್ಟಿಯಾದ ಅಂಟು ಸುರಿದು ಮುಚ್ಚಿದ್ದಾರೆ. ತೇವ ತಾಗಬಾರದು ಅಂತ ಇರಬಹುದು, ಆದರೆ ಯಾವ ಬಿಡಿಭಾಗ ಸುಟ್ಟಿದೆ ಅಂತ ನೋಡೋಕೂ ಆಗಲ್ಲ. ಸ್ಕ್ರೂಡ್ರೈವರ್ ತುದಿಯಿಂದ ಕೆರೆದ, ಅಂಟಿನ ಜೊತೆ ಬೋರ್ಡಿನ ತಾಮ್ರದ ಗೆರೆಯೂ ಎದ್ದುಬಂತು. ಮ್ಯಾಗ್ನೆಟ್ ಸರಿಯಿದೆ, ಕಾಯಿಲ್ ಸರಿಯಿದೆ, ಬೇರಿಂಗ್ ಹೊಸದರಂತಿದೆ, ರೆಕ್ಕೆಗೆ ಒಂದು ಗೀರಿಲ್ಲ. ಅಷ್ಟೂ ಅಟ್ಟಕ್ಕೆ.

ಕರೆಂಟ್ ಬಿಲ್ಲಿನಲ್ಲಿ ಉಳಿಯುತ್ತಲ್ಲ ಅನ್ನೋರಿಗೆ ಲೆಕ್ಕ ಹೇಳ್ತೀನಿ. ಒಂದು ಫ್ಯಾನಿಗೆ ನಲವತ್ತೈದು ವ್ಯಾಟ್ ಉಳಿತಾಯ, ದಿನಕ್ಕೆ ಹನ್ನೆರಡು ಗಂಟೆ ಅಂದ್ರೆ ತಿಂಗಳಿಗೆ ಸುಮಾರು ಹದಿನಾರು ಯೂನಿಟ್. ಯೂನಿಟ್‌ಗೆ ಆರು ರೂಪಾಯಿ ಹಿಡಿದರೆ ನೂರು ರೂಪಾಯಿ ಹತ್ತಿರ. ವರ್ಷಕ್ಕೆ ಎಂಟು ತಿಂಗಳು ಫ್ಯಾನ್ ಕಾಲ ಅಂತಿಟ್ಟುಕೊಂಡರೆ ಎಂಟುನೂರಕ್ಕೆ ಸ್ವಲ್ಪ ಕಮ್ಮಿ. ನಾನು ಕೊಟ್ಟಿದ್ದು ಒಂದಕ್ಕೆ 2,900. ಅಸಲು ಬರೋಕೇ ನಾಲ್ಕು ವರ್ಷದ ಹತ್ತಿರ ಬೇಕು, ಬೋರ್ಡು ಅದರ ಅರ್ಧಕ್ಕೇ ಕೈಕೊಟ್ಟಿತು.

ಅದೂ ಪೂರ್ತಿ ಬಿಲ್ ಕಟ್ಟೋರ ಲೆಕ್ಕ. 2023ರ ಆಗಸ್ಟ್ ಬಿಲ್ಲಿನಿಂದ ಗೃಹಜ್ಯೋತಿ ಬಂತಲ್ಲ, ನಮ್ಮಂಥ ಮನೆಗಳಿಗೆ ಈ ಗಣಿತವೇ ತಲೆಕೆಳಗಾಗಿದೆ. ಹಿಂದಿನ ಬಳಕೆಯ ಸರಾಸರಿಗೆ ಚೂರು ಸೇರಿಸಿ ನಮಗೊಂದು ಮಿತಿ ಕೊಟ್ಟಿದ್ದಾರೆ, ಅದರೊಳಗಿದ್ದರೆ ಬಿಲ್ಲು ಸೊನ್ನೆ. ನಮ್ಮದು ಬಿಎಲ್‌ಡಿಸಿ ಹಾಕೋ ಮುಂಚೆಯೂ ಸೊನ್ನೆ, ಹಾಕಿದ ಮೇಲೂ ಸೊನ್ನೆ. ಆದರೆ ಏಪ್ರಿಲ್ ಮೇನಲ್ಲಿ ಇನ್ನೂರು ಯೂನಿಟ್ಟಿನ ಗೆರೆ ದಾಟೋ ಮನೆಗಳ ಕಥೆ ಬೇರೆ. ಆ ಗೆರೆ ದಾಟಿದರೆ ಇಡೀ ಬಿಲ್ಲು ಕಟ್ಟಬೇಕಾಗೋದರಿಂದ ಅಂಥವರಿಗೆ ಒಂದು ಫ್ಯಾನಿನ ಹದಿನಾರು ಯೂನಿಟ್ಟೇ ಸಾವಿರ ಚಿಲ್ಲರೆ ಉಳಿಸಬಹುದು. ನಿಮ್ಮ ಬೇಸಿಗೆ ಬಿಲ್ಲು ತೆಗೆದು ನೋಡಿಕೊಳ್ಳಿ.

ಸರ್ಕಾರ ಕಟ್ಟುತ್ತೆ ಅಂತ ಕರೆಂಟ್ ಪೋಲು ಮಾಡಬಹುದಾ ಅಂತ ಮಗ ಕೇಳ್ತಾನೆ. ಕೇಳಬೇಕಾದ್ದೇ. ಅದಕ್ಕೆ ನಾನು ಮಾಡಿದ್ದು ಇಷ್ಟು: ಅಮ್ಮನ ಕೋಣೆಯಲ್ಲಿದ್ದ ಇಟ್ಟಿಗೆಯಂಥ ಹಳೇ ರೆಗ್ಯುಲೇಟರ್ ಕಿತ್ತು, ಇನ್ನೂರೈವತ್ತರ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಹಾಕಿಸಿದೆ. ಹಳೇದು ಫ್ಯಾನ್ ನಿಧಾನ ಮಾಡಿದಾಗ ಮಿಕ್ಕ ಕರೆಂಟನ್ನು ತಾನೇ ಬಿಸಿಯಾಗಿ ಸುಡುತ್ತೆ, ಮುಟ್ಟಿದರೆ ಗೊತ್ತಾಗುತ್ತಿತ್ತು. ಹೊಸದರಲ್ಲಿ ಮೂರಕ್ಕಿಟ್ಟರೆ ನಿಜವಾಗಿಯೂ ಕಮ್ಮಿ ಎಳೆಯುತ್ತೆ. ವರ್ಷಕ್ಕೆರಡು ಸಲ ರೆಕ್ಕೆ ಒರೆಸೋದೂ ಸೇರಿಸಿ. ಮಂಡಕ್ಕಿ ಭಟ್ಟಿಗಳ ಕಡೆ ಮನೆಯಿರೋ ನಮ್ಮ ಚಿಕ್ಕಪ್ಪನ ಫ್ಯಾನಿನ ರೆಕ್ಕೆಯಂಚಲ್ಲಿ ಮಸಿ ಧೂಳು ಗೆರೆಗಟ್ಟಿ ಕೂತಿರುತ್ತೆ, ಒರೆಸಿದ ದಿನ ಗಾಳಿಯೇ ಬೇರೆ.

ರೀವೈಂಡಿಂಗ್‌ಗೆ ಎರಡು ಮಾತು. ಬಿಎಲ್‌ಡಿಸಿ ಸತ್ತ ಕೊಕ್ಕೆಗೆ ಅಟ್ಟದಿಂದ ಇಳಿಸಿದ ಹಳೇದರ ಕಾಯಿಲ್ ಸುಟ್ಟಿತ್ತು. ಬಿಚ್ಚಿದಾಗಲೇ ಕಮಟು ವಾಸನೆ. ಆರುನೂರು ರೂಪಾಯಿಗೆ ತಾಮ್ರದ ತಂತಿ ಸುತ್ತಿಕೊಟ್ಟರು. ತಾಮ್ರವೇ ಅಂತ ಖಾತ್ರಿ ಮಾಡಿಕೊಳ್ಳಿ. ಕೆಂಪು ವಾರ್ನಿಷ್ ಬಳಿದ ಅಲ್ಯೂಮಿನಿಯಂ ತಂತಿ ನೋಡೋಕೆ ಹಾಗೇ ಕಾಣುತ್ತೆ, ತುದಿಯನ್ನು ಬ್ಲೇಡಿನಿಂದ ಕೆರೆದರೆ ಬೆಳ್ಳಗೆ ಹೊಳೆಯುತ್ತೆ. ಎದುರಿಗೇ ಕೆರೆಸಿ ನೋಡಿದೆ, ಮಿಸ್ತ್ರಿ ಬೇಸರ ಮಾಡಿಕೊಳ್ಳಲಿಲ್ಲ. ಆದರೆ ಬೇಸಿಗೆಯಲ್ಲಿ ಹೋದರೆ ಕಾಯಬೇಕು. ಮಾರ್ಚ್ ಏಪ್ರಿಲ್‌ನಲ್ಲಿ ಚನ್ನಗಿರಿ ಕಡೆಯ ಅಡಿಕೆ ತೋಟದವರ ಬೋರ್‌ವೆಲ್ ಮೋಟಾರುಗಳು ಅಂಗಡಿ ಮುಂದೆ ಸಾಲುಗಟ್ಟಿ ಮಲಗಿರುತ್ತವೆ. ತೋಟ ಒಣಗ್ತಿರೋನ ಮುಂದೆ ನಮ್ಮ ಮನೆ ಫ್ಯಾನಿಗೆ ಏನು ಅರ್ಜೆಂಟು? ಡಿಸೆಂಬರ್‌ನಲ್ಲಿ ಕೊಟ್ಟರೆ ಬೇಗ ಆಗುತ್ತೆ, ಕೆಲಸವೂ ನಿಧಾನಕ್ಕೆ, ಚೊಕ್ಕವಾಗಿ ಮಾಡ್ತಾರೆ. ರೆಕ್ಕೆ ಬಿಚ್ಚೋ ಮುಂಚೆ ಯಾವುದು ಎಲ್ಲಿತ್ತು ಅಂತ ಮಾರ್ಕರ್‌ನಲ್ಲಿ ಒಂದು, ಎರಡು, ಮೂರು ಬರೆದಿಡಿ, ಇಲ್ಲದಿದ್ದರೆ ಮತ್ತೆ ಜೋಡಿಸಿದಾಗ ತೂಗಾಡಬಹುದು. ಕೊಕ್ಕೆಯ ರಬ್ಬರ್ ಬುಷ್ಷು, ಬೋಲ್ಟಿನ ಸ್ಪ್ಲಿಟ್ ಪಿನ್ನು ಎರಡನ್ನೂ ಹೊಸದೇ ಹಾಕಿಸಿ. ತಲೆಯ ಮೇಲೆ ತೂಗೋ ವಸ್ತು, ಹತ್ತು ರೂಪಾಯಿಗೆ ಚೌಕಾಸಿ ಬೇಡ.

ಹದಿನಾಲ್ಕು ನೂರಕ್ಕೆ ಸಿಗೋ ಹೊಸ ಮಾಮೂಲಿ ಫ್ಯಾನ್? ಕೈಯಲ್ಲಿ ಎತ್ತಿ ನೋಡಿದೆ, ತೀರಾ ಹಗುರ, ವಾಪಸ್ ಇಟ್ಟೆ.

ಒಟ್ಟು ನಮ್ಮ ಮನೆಯ ಹಂಚಿಕೆ ಈಗ ಹೀಗಿದೆ: ಅಮ್ಮನ ಕೋಣೆಗೆ ಮತ್ತು ಊಟದ ಮೇಜಿನ ಮೇಲೆ ಹಳೇದು. ಉಳಿದ ಒಂದು ಬಿಎಲ್‌ಡಿಸಿ ಮಗನ ಓದೋ ಕೋಣೆಗೆ, ಯುಪಿಎಸ್ ಲೈನಿನಲ್ಲಿ. ಪರೀಕ್ಷೆ ಟೈಮಲ್ಲಿ ಕರೆಂಟ್ ಹೋದರೂ ಅವನಿಗೆ ಗಾಳಿ ಇರುತ್ತೆ, ರಿಮೋಟ್ ಕಳೆದರೆ ಅವನೇ ಹುಡುಕ್ತಾನೆ. ಬಾಡಿಗೆ ಮನೆಯವರಿಗೂ, ಮಿತಿಯೊಳಗೆ ಬಿಲ್ಲಿರೋರಿಗೂ ನಾನು ಹೇಳೋದು ಮೊದಲು ಅರವತ್ತು ರೂಪಾಯಿಯ ಡಬ್ಬಿ ಬದಲಿಸಿ ಅಂತ. ಬಿಎಲ್‌ಡಿಸಿಯೇ ಬೇಕು ಅನ್ನೋರು ಬೋರ್ಡು ಬಿಡಿಯಾಗಿ ಸಿಗುತ್ತಾ, ಎಷ್ಟು ಅಂತ ಕೊಳ್ಳೋ ಮುಂಚೆ ಕೇಳಿ, ಬಿಲ್ಲಿನ ಹಿಂದೆ ಬರೆಸಿಕೊಳ್ಳಿ.

ಮಂಡಿಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟಿರೋ ನಮ್ಮ ಭಾವ ಮಾತ್ರ ಇಡೀ ಅಂಗಡಿಗೆ ಬಿಎಲ್‌ಡಿಸಿ ಹಾಕಿಸಿದ್ದಾನೆ. ಸರಿಯೇ ಮಾಡಿದ್ದಾನೆ. ಅಂಗಡಿ ಮೀಟರಿಗೆ ಗೃಹಜ್ಯೋತಿ ಇಲ್ಲ, ಯೂನಿಟ್ ದರವೂ ಮನೆಗಿಂತ ಜಾಸ್ತಿ, ಬೆಳಿಗ್ಗೆಯಿಂದ ರಾತ್ರಿವರೆಗೆ ಎಲ್ಲ ಫ್ಯಾನೂ ತಿರುಗ್ತಿರಬೇಕು. ಇಳಿಸಿದ ಹಳೇವನ್ನು ಗುಜರಿಯವನಿಗೆ ತೂಕಕ್ಕೆ ಕೊಡೋಕೆ ಹೊರಟಿದ್ದ; ಅವುಗಳಲ್ಲಿ ಭಾರದವು ಎರಡನ್ನು ನಾನು ಎತ್ತಿಕೊಂಡು ಬಂದೆ. ಒಂದು ಹಾಗೇ ಓಡುತ್ತೆ, ಇನ್ನೊಂದಕ್ಕೆ ಬೇರಿಂಗ್ ಹಾಕಿಸಬೇಕು.