ಏರ್‌ಸೆನ್ಸ್ 10: ಗೊರಕೆಗೆ ಸರಿ, ಕಿಡ್ನಿಗೆ?

ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುವ ಸ್ಲೀಪ್ ಆಪ್ನಿಯಾದಲ್ಲಿ ರಕ್ತದ ಆಮ್ಲಜನಕ ಪದೇಪದೇ ಇಳಿಯುತ್ತದೆ, ರಾತ್ರಿ ಬಿಪಿ ಏರುತ್ತದೆ. ಎರಡೂ ಕಿಡ್ನಿಗೆ ಹೊರೆ. ರೆಸ್‌ಮೆಡ್ ಕಂಪನಿಯ ಏರ್‌ಸೆನ್ಸ್ 10 ಆಟೋಸೆಟ್ ಯಂತ್ರ ಉಸಿರಿಗೆ ತಕ್ಕಂತೆ 4ರಿಂದ 20 ಸೆಂ.ಮೀ. ನೀರಿನ ಒತ್ತಡದಲ್ಲಿ ಮಾಸ್ಕ್ ಮೂಲಕ ಗಾಳಿ ಕೊಟ್ಟು ಗಂಟಲು ಮುಚ್ಚದಂತೆ ನೋಡಿಕೊಳ್ಳುತ್ತದೆ. ಸದ್ದು ಕಡಿಮೆ, ಗೊರಕೆ ನಿಂತು ಪಕ್ಕದವರಿಗೂ ನಿದ್ದೆ.

ತೊಂದರೆಯೆಲ್ಲ ಮಾಸ್ಕಿನದು. ಸಡಿಲವಾದರೆ ಗಾಳಿ ಸೋರಿ ಕಣ್ಣು ಒಣಗುತ್ತದೆ, ಬಿಗಿದರೆ ಮೂಗಿನ ಮೇಲೆ ಗಾಯ. ಪಟ್ಟಿಯನ್ನು ಮಲಗಿಕೊಂಡೇ, ಯಂತ್ರ ಓಡುತ್ತಿರುವಾಗ ಹೊಂದಿಸಿ. ಬಾಯಿ ತೆರೆದು ಮಲಗುವವರಿಗೆ ಬಾಯಿ-ಮೂಗು ಎರಡನ್ನೂ ಮುಚ್ಚುವ ಮಾಸ್ಕೇ ಬೇಕು. ಗಾಳಿಗೆ ತೇವ ಕೊಡುವ ನೀರಿನ ತೊಟ್ಟಿಗೆ ಡಿಸ್ಟಿಲ್ಡ್ ನೀರೇ ಹಾಕಿ. ಬೋರ್‌ವೆಲ್ ನೀರಿಗೆ ಬಿಳಿ ಪೊರೆ ಕಟ್ಟುತ್ತದೆ. ಒಳಗೆ ಬ್ಯಾಟರಿ ಇಲ್ಲ, ಕರೆಂಟ್ ಹೋದರೆ ನಿಂತೇ ಹೋಗುತ್ತದೆ. ಯುಪಿಎಸ್‌ಗೆ ಹಾಕುವುದಾದರೆ ನೀರು ಬಿಸಿಮಾಡುವುದನ್ನು ಆಫ್ ಮಾಡಿ, ಹೆಚ್ಚು ಹೊತ್ತು ಬರುತ್ತದೆ.

‘ಕಿಡ್ನಿ ಉಳಿಸುತ್ತದೆ’ ಎಂದು ಮಾರುವವರನ್ನು ನಂಬಬೇಡಿ; ಅದು ಸಾಬೀತಾಗಿಲ್ಲ. ಬಿಪಿ ಅಲ್ಪಸ್ವಲ್ಪ ಇಳಿಯಬಹುದು, ಅಷ್ಟೆ. ಸ್ಲೀಪ್ ಸ್ಟಡಿ (ನಿದ್ದೆಯಲ್ಲಿ ಉಸಿರಾಟ ಅಳೆಯುವ ಪರೀಕ್ಷೆ) ಮಾಡಿಸದೆ ಕೊಳ್ಳಲೇಬೇಡಿ. ಶುಗರ್, ಬಿಪಿ ಇದ್ದವರು ಕಿಡ್ನಿಯ ಸ್ಥಿತಿ ತಿಳಿಯಲು ವರ್ಷಕ್ಕೊಮ್ಮೆ ರಕ್ತದ ಕ್ರಿಯಾಟಿನಿನ್ ಜೊತೆ ಮೂತ್ರದ ಆಲ್ಬುಮಿನ್ ಪರೀಕ್ಷೆ ಮಾಡಿಸುವುದು ಯಂತ್ರ ಬಂದ ಮೇಲೂ ತಪ್ಪಬಾರದು.