ಓಕೆಆರ್ ಸಾಕಾ, ಸ್ಕೋರ್‌ಕಾರ್ಡ್ ಬೇಕಾ?

ಎಚ್‌ಎಸ್‌ಆರ್ ಲೇಔಟ್‌ನಲ್ಲಿ 30 ಜನರ ಸ್ಟಾರ್ಟಪ್ ನಡೆಸುತ್ತಿದ್ದೀರಾ? ಕಂಪನಿಯ ಗುರಿ ಹಾಕಿ ಅಳೆಯಲು ಓಕೆಆರ್ (ಆಬ್ಜೆಕ್ಟಿವ್ಸ್ ಅಂಡ್ ಕೀ ರಿಸಲ್ಟ್ಸ್, ಅಂದರೆ ಗುರಿ ಮತ್ತು ಮುಖ್ಯ ಫಲಿತಾಂಶ) ಸಾಕು. ಇಂಟೆಲ್‌ನಲ್ಲಿ ಆಂಡಿ ಗ್ರೋವ್ ಬೆಳೆಸಿದ ಪದ್ಧತಿ ಇದು. 1999ರಲ್ಲಿ ಹೂಡಿಕೆದಾರ ಜಾನ್ ಡೋರ್ ಗೂಗಲ್‌ಗೆ ಕಲಿಸಿದರು. ಒಂದು ಗುರಿ, ಅದನ್ನು ಅಳೆಯಲು ಮೂರ್ನಾಲ್ಕು ಫಲಿತಾಂಶ. ಮೂರು ತಿಂಗಳಿಗೊಮ್ಮೆ ಬದಲಿಸಬಹುದು. ಆದರೆ ಇದನ್ನು ಇನ್‌ಕ್ರಿಮೆಂಟ್‌ಗೆ ಗಂಟು ಹಾಕಬೇಡಿ. ಹಾಕಿದರೆ ಎಲ್ಲರೂ ಸುಲಭದ ಗುರಿಯನ್ನೇ ಬರೆಯುತ್ತಾರೆ. ನಾನೂ ಹಾಗೆ ಬರೆದವನೇ! ಬಾಸ್ ವಾರಕ್ಕೊಂದು ಆದ್ಯತೆ ಹೇಳುವವರಾದರಂತೂ ಯಾವ ಪದ್ಧತಿಯೂ ಸುಮ್ನೆ ದಂಡ.

ಪೀಣ್ಯದ ಕಾರ್ಖಾನೆಯ ಮಾತು ಬೇರೆ. ಅಲ್ಲಿಗೆ ಮ್ಯಾನೇಜ್‌ಮೆಂಟ್ ತಜ್ಞರಾದ ಕ್ಯಾಪ್ಲನ್ ಮತ್ತು ನಾರ್ಟನ್ 1992ರಲ್ಲಿ ಮುಂದಿಟ್ಟ ಬ್ಯಾಲೆನ್ಸ್ಡ್ ಸ್ಕೋರ್‌ಕಾರ್ಡ್ ಹೊಂದುತ್ತದೆ. ಹಣ, ಗ್ರಾಹಕ, ಒಳಗಿನ ಕೆಲಸ, ಕಲಿಕೆ ನಾಲ್ಕನ್ನೂ ಒಟ್ಟಿಗೆ ನೋಡುತ್ತೀರಿ. ಈ ತಿಂಗಳ ಲಾಭಕ್ಕೆಂದು ಮಷೀನ್ ರಿಪೇರಿ ಮುಂದೂಡಿದರೆ ಸ್ಕೋರ್‌ಕಾರ್ಡ್‌ನಲ್ಲಿ ಸಿಕ್ಕಿಬೀಳುತ್ತೀರಿ. ಸಿದ್ಧಪಡಿಸಲು ಸಮಯ ಮಾತ್ರ ಜಾಸ್ತಿ.